ಜ್ವರ ಇಳಿದ ಮೇಲೆ

"ಗುರುಗಳೇ, ಮೆದುಳು ಜ್ವರ ತಗುಲಿಸಿದ ಇಲಿಗಳಿಗೆ ಕೀಲುನೋವಿನ ಆ ಹಳೇ ಮಾತ್ರೆ ಅರೆದು ಕುಡಿಸಿದೆ. ಅಷ್ಟೂ ಬದುಕಿವೆ. ಮಾತ್ರೆಯೇನು ಹೊಸದಲ್ಲ, ಜನ ವರ್ಷಗಟ್ಟಲೆ ನುಂಗಿದ್ದಾರೆ. ರೋಗಿಗಳಿಗೆ ಕೊಡಲು ಇನ್ನೂ ಏಕೆ ಕಾಯಬೇಕು?" ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

"ಅಬ್ಬಾ, ಏನು ಅವಸರವಯ್ಯಾ ನಿನಗೆ! ಕೂತು ಕೇಳು" ಎಂದರು ಗುರುಗಳು.

ಒಬ್ಬ ವೈದ್ಯನಿದ್ದ. ಅವನ ಊರಿನಲ್ಲಿ ಮೆದುಳು ಜ್ವರಕ್ಕೆ ಮಕ್ಕಳು ಸಾಯುತ್ತಿದ್ದವು. ಅವನೂ ನಿನ್ನಂತೆಯೇ ಹಳೆಯ ಔಷಧವೊಂದನ್ನು ಇಲಿಗಳಿಗೆ ಕೊಟ್ಟು ನೋಡಿದ. ಔಷಧ ಸಿಗದವು ಸತ್ತವು, ಸಿಕ್ಕವು ಉಳಿದವು. ದಿನಾ ಬೆಳಿಗ್ಗೆ ಬಂದು ಪೆನ್ಸಿಲಿನಿಂದ ಪಂಜರ ತಟ್ಟುವನು. ಅಲುಗಿದ್ದೆಲ್ಲ ಬದುಕಿದೆ ಎಂದು ಲೆಕ್ಕ. ಪುಣ್ಯಾತ್ಮ ಅದಕ್ಕಿಂತ ಹೆಚ್ಚು ಏನನ್ನೂ ಪರೀಕ್ಷಿಸಲಿಲ್ಲ.

ಗೂಡು ಕಟ್ಟಿಕೊಳ್ಳಲೆಂದು ಹಾಕಿದ ಹತ್ತಿ ಹಾಕಿದಲ್ಲೇ ಇರುತ್ತಿತ್ತು. ಇಲಿಗಳೆಲ್ಲ ಒಂದೇ ಮೂಲೆಗೆ ಮುಖಮಾಡಿ ನಿಂತಿರುತ್ತಿದ್ದವು. ಒಂದು ಹೆಣ್ಣಿಲಿ ಮರಿ ಹಾಕಿತು. ಮರಿಗಳು ಕೀಚುಗುಟ್ಟುತ್ತಿದ್ದರೂ ತಾಯಿ ಹೊಟ್ಟು ತುಳಿದಂತೆ ಅವುಗಳನ್ನು ತುಳಿದುಕೊಂಡು ಹೋಯಿತು. ವೈದ್ಯ ಅದನ್ನು ಕಣ್ಣಾರೆ ಕಂಡ. ಆದರೂ, ಜೀವ ಉಂಟಲ್ಲ ಎಂದುಕೊಂಡ.

ಆ ವಾರವೇ ಅವನ ಮಗಳು ನೀಲವ್ವನಿಗೆ ಜ್ವರ ಏರಿ ಪ್ರಜ್ಞೆ ತಪ್ಪಿತು. ಒಬ್ಬಳೇ ಮಗಳು. ಹೆಂಡತಿ ಗೋಗರೆದಳು. "ಏನಾದರೂ ಮಾಡ್ರೀ. ಉಸಿರೊಂದು ಉಳಿದರೆ ಸಾಕು." ವೈದ್ಯ ಔಷಧ ಕೊಟ್ಟ. ಜ್ವರ ಇಳಿಯಿತು, ಮಗು ಕಣ್ಣು ತೆರೆಯಿತು. ಅವನು ಸಂತೋಷಕ್ಕೆ ಅತ್ತುಬಿಟ್ಟ.

ಮಗು ಎದ್ದು ಓಡಾಡಿತು. ಬಾಯಿಗಿಟ್ಟರೆ ನುಂಗುವುದು. ಕೆಂಡದಂಥ ಅನ್ನವಿಟ್ಟರೂ ನುಂಗುವುದು. ಅಳು ಇಲ್ಲ, ಹಟ ಇಲ್ಲ. ತಾಯಿ ಹೆಸರು ಹಿಡಿದು ಕರೆದರೆ ತಿರುಗಿ, ಅವಳ ಮುಖದಾಚೆ ಏನನ್ನೋ ನೋಡುತ್ತ ನಿಲ್ಲುವುದು. ಮದ್ದಿನ ದೋಷವೋ, ಜ್ವರ ಮೊದಲೇ ಒಳಗೆಲ್ಲ ತಿಂದುಹಾಕಿತ್ತೋ, ಆ ಮಹಾರಾಯ ಇಲಿಗಳನ್ನು ಸರಿಯಾಗಿ ನೋಡಿದ್ದರೆ ತಾನೆ ಗೊತ್ತು!

ಒಂದು ಬೆಳಿಗ್ಗೆ ತಾಯಿ ಮಗುವಿನ ತಲೆ ಬಾಚುತ್ತಿದ್ದವಳು ಬಾಚಣಿಗೆ ಕೆಳಗಿಟ್ಟಳು. ಗಂಡನನ್ನು ಮೆಲ್ಲಗೆ ಕೇಳಿದಳು. "ಇದು ಯಾರ ಮಗು? ನೀಲವ್ವ ಎಲ್ಲಿ?"

ಅಷ್ಟರಲ್ಲಾಗಲೇ ಊರಿನವರು ಜ್ವರದ ಮಕ್ಕಳನ್ನು ಎತ್ತಿಕೊಂಡು ಅವನ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದರು.

ಕೊಟ್ರಯ್ಯ ತಡೆಯಲಾರದೆ, "ಅವರಿಗೂ ಕೊಟ್ಟನೇ?" ಎಂದ.

ಗುರುಗಳು ಅವನನ್ನೇ ನೋಡಿದರು. "ಅದಿರಲಿ, ನಿನ್ನ ಇಲಿಗಳು ಬದುಕಿವೆಯೋ, ಬರೀ ಸತ್ತಿಲ್ಲವೋ?"