ಕೇತಮ್ಮನ ಹಡ್ಲು

ಜೇನುಮಾಳ ಬೆಟ್ಟದ ನೆತ್ತಿಯಲ್ಲಿ, ಎರಡು ಗುಡ್ಡಗಳ ನಡುವಿನ ಜೌಗಿಗೆ ಕೇತಮ್ಮನ ಹಡ್ಲು ಎನ್ನುತ್ತಾರೆ. ಎಷ್ಟೋ ತಲೆಮಾರುಗಳ ಹುಲ್ಲು, ಬೇರು, ತರಗೆಲೆ ನೀರಿನಲ್ಲಿ ಅರೆಕೊಳೆತು ಒಂದರ ಮೇಲೊಂದು ಕೂತು ಕಪ್ಪು ನೆಲವಾಗಿದೆ. ಕಡುಬೇಸಿಗೆಯಲ್ಲೂ ಆನೆ, ಕಡವೆ, ಕಾಟಿಗಳಿಗೆ ಅಲ್ಲಿ ನೀರುಂಟು. ನೋಡಲು ಬಂದವರನ್ನು ಪೋಡಿನ, ಅಂದರೆ ಅಲ್ಲಿನ ಕಾಡುಹಾಡಿಯ, ಸೋಲಿಗರೇ ಕರೆದೊಯ್ಯುತ್ತಾರೆ. ಮುಂದಿನವರು ಬಿದಿರಿನ ಗಳ ಊರಿ ನೆಲ ನೋಡಬೇಕು, ಹಿಂದಿನವರು ಅದೇ ಹೆಜ್ಜೆ ತುಳಿಯಬೇಕು. ಫೋಟೋದ ಆತುರಕ್ಕೆ ಪಕ್ಕಕ್ಕೆ ಕಾಲಿಟ್ಟವರು ಚೆನ್ನಾಗಿ ಬೈಸಿಕೊಳ್ಳುತ್ತಾರೆ. ಬೈಯಬೇಕಾದದ್ದೇ!

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಹಡ್ಲು ಕಾಯುವ ಕೆಲಸ ಕೇತಮ್ಮನ ಮನೆತನದ್ದಾಗಿತ್ತು. ಯಾವ ಗಿಡ ಕಡಿಯಬಾರದು, ಮರಿಯಾನೆ ಇದ್ದಾಗ ಎಲ್ಲಿ ನಿಲ್ಲಬೇಕು ಎಂಬುದನ್ನು ಆಕೆ ದೊರೆಯ ನೆಂಟರಿಗೂ ಮುಲಾಜಿಲ್ಲದೆ ಹೇಳುತ್ತಿದ್ದಳು. ಗಂಡ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ವಯಸ್ಸಿಗೆ ಬಂದವಳು, ತಾಯಿಗಿಂತ ಚುರುಕು. ಕೇತಮ್ಮನ ಜೀವವೆಲ್ಲ ಅವಳ ಮೇಲೆ. ಒಂದು ವರ್ಷ ಪಾಳೆಯಗಾರನಿಗೆ, ತನ್ನ ಅತಿಥಿಗಳು ಕಾಲು ಕೆಸರು ಮಾಡಿಕೊಳ್ಳದೆ ಆನೆ ನೋಡಲಿ ಎಂಬ ಹುಚ್ಚು ಹಿಡಿಯಿತು. ಹಡ್ಲಿನ ನೀರು ಹರಿದುಹೋಗಲು ಕಾಲುವೆ ತೋಡಿಸಿದ. "ನೀರು ಹೋದ್ರೆ ಆನೆ ಯಾಕ್ ಬಂದಾವು ಬುದ್ಧಿ?" ಎಂದು ಕೇತಮ್ಮ ಗೋಗರೆದಳು. ಆತ ಕಿವಿಗೇ ಹಾಕಿಕೊಳ್ಳಲಿಲ್ಲ.

ಚಳಿಗಾಲದ ಕೊನೆಗೆ ಕಾಡಿನ ತರಗಿಗೆ ಬೆಂಕಿ ಇಡುವುದು ಸೋಲಿಗರ ವಾಡಿಕೆ. ಹೊಸ ಹುಲ್ಲು ಬರಲಿ, ದೊಡ್ಡ ಕಿಚ್ಚು ತಪ್ಪಲಿ ಎಂದು. ಹಡ್ಲಿನ ಸುತ್ತ ಅದನ್ನು ಇಡುವ ಹಕ್ಕು ಕೇತಮ್ಮನದು. ಬೆಂಕಿ ಪ್ರತಿವರ್ಷ ಹಡ್ಲಿನ ಅಂಚಿಗೆ ಬಂದು ಸಾಯುತ್ತಿತ್ತು, ಆ ವರ್ಷವೂ ಸತ್ತಂತೆಯೇ ಕಂಡಿತು. ಕೇತಮ್ಮ ಹಸಿ ಸೊಪ್ಪಿನಿಂದ ಅಂಚನ್ನೆಲ್ಲ ಬಡಿದು, ಆರಿತೆಂದು ಪೋಡಿಗೆಲ್ಲ ಸಾರಿದಳು. ನೆಲವೇ ಉರಿಯುವುದನ್ನು ಅವರಲ್ಲಿ ಯಾರೂ ಕಂಡವರಲ್ಲ. ಒಣಗಿದ ಆ ಕಪ್ಪು ನೆಲ ಒಳಗೊಳಗೇ ಬೆರಣಿಯಂತೆ ಕೆಂಡವಾಗುತ್ತಿತ್ತು.

ಎಂಟನೆಯ ದಿನ, ಅತಿಥಿಗಳು ಬರುವ ಹಿಂದಿನ ದಿನ ಬೆಳಗ್ಗೆ, ಮಗಳು ದಾರಿ ನೋಡಿ ಬರಲು ಹೊರಟಳು. ಗಳ ಎತ್ತಿಕೊಂಡು, "ಅವ್ವಾ, ಅಲ್ಲೇನೋ ಸುಟ್ಟ ವಾಸನೆ ಬತ್ತದೆ" ಎಂದಳು.

"ಬೆಂಕಿ ಆರೋಯ್ತು ಹೋಗವ್ವ. ಒಣಗಿದ ನೆಲಕ್ಕೆ ಗಳ ಯಾಕೆ, ಮಡಗು."

ಮಗಳು ಗಳವನ್ನು ತಾಯಿಯ ಕೈಗೇ ಕೊಟ್ಟು ನಡೆದಳು. ನಡುಹಡ್ಲಿಗೆ ಹೋದಾಗ ಕಾಲಡಿಯ ನೆಲ ಕುಸಿಯಿತು. ಕೆಳಗೆ ಆಳುದ್ದ ಕೆಂಡ. ಅಯ್ಯೋ, ಆ ಕೂಗನ್ನು ಕೇತಮ್ಮ ದಡದಲ್ಲಿ ನಿಂತು ಕೇಳಿದಳು. ಓಡಿದವಳನ್ನು ನಾಲ್ಕು ಜನ ಹಿಡಿದು ಕೆಡವಬೇಕಾಯಿತಂತೆ. ಪೋಡಿನವರು ಅಂದೇ ಕಲ್ಲು, ದಿಮ್ಮಿ ಉರುಳಿಸಿ ಕಾಲುವೆ ಮುಚ್ಚಿದರು. ಆದರೂ ಮಳೆ ಹಿಡಿಯುವವರೆಗೆ ಹೊಗೆ ನಿಲ್ಲಲಿಲ್ಲ. ಹುಡುಕಿದರೆ ಒಂದು ಮೂಳೆಯೂ ಸಿಗಲಿಲ್ಲ. ಪಾಳೆಯಗಾರ ಮತ್ತೆ ಆ ಬೆಟ್ಟ ಹತ್ತಲಿಲ್ಲ, ಬಿಟ್ಟುಹೋಗಿದ್ದ ಆನೆಗಳು ಮೂರನೆಯ ವರ್ಷ ಮರಳಿ ಬಂದವು.

ಹಡ್ಲಿಗೆ ಮಗಳ ಹೆಸರಿಡೋಣ ಎಂದು ಹಿರಿಯರು ಹೇಳಿದಾಗ ಕೇತಮ್ಮ ಕೆರಳಿದಳು. "ನೋಡಕ್ಕೆ ಬಂದೋರ ಬಾಯಿಗೆ ನನ್ ಮಗಳ ಹೆಸರು ಹಾಕ್ಬೇಡಿ. ತಪ್ಪು ನಂದು, ನನ್ ಹೆಸರೇ ಇಡಿ. ಬೆಂಕಿ ಆರೋಯ್ತು ಅಂದೋಳು ಇವಳೇ ಅಂತ ಬಂದೋರಿಗೆಲ್ಲ ಹೇಳಿ." ಬದುಕಿರುವವರೆಗೆ ಆಕೆಯೇ ಪ್ರತಿಯೊಬ್ಬರಿಗೂ ಇದನ್ನು ಹೇಳಿ, ಆಮೇಲೆ ಹಡ್ಲಿಗೆ ಇಳಿಸುತ್ತಿದ್ದಳು ಎನ್ನುತ್ತಾರೆ.

ಮುಚ್ಚಿದ ಕಾಲುವೆಯ ಗೆರೆ ಇವತ್ತಿಗೂ ಕಾಣುತ್ತದೆ. ಹಡ್ಲಿನ ನಡುವೆ ಒಂದು ಗುಂಡಿಯಿದೆ, ಅದರ ಕಪ್ಪು ನೀರಿನಲ್ಲಿ ಜೊಂಡೂ ಬೆಳೆದಿಲ್ಲ. ಕೇತಮ್ಮ ಯಾವುದೋ ದೇವತೆಯೆಂದು ಬಂದವರು ಕೈ ಮುಗಿದರೆ, ಕರೆತಂದವರು ತಡೆದು ನಡೆದದ್ದನ್ನು ಹೇಳುತ್ತಾರೆ. ಯಾರಾದರೊಬ್ಬರು ಮಗಳ ಹೆಸರೇನೆಂದು ಕೇಳಿಯೇ ಕೇಳುತ್ತಾರೆ. ಗೊತ್ತಿಲ್ಲ ಸ್ವಾಮಿ ಎಂಬುದೇ ಉತ್ತರ. ನಿಜವಾಗಿಯೂ ಗೊತ್ತಿಲ್ಲ. ಗೊತ್ತಿದ್ದ ಹಿರಿಯರು ಕೇತಮ್ಮನಿಗೆ ಕೊಟ್ಟ ಮಾತಿನಂತೆ ಅದನ್ನು ತಮ್ಮ ಮಕ್ಕಳಿಗೂ ಹೇಳದೆ ಸತ್ತರು.