ದೊರೆಯ ಬಾಯಿ ಇನ್ನೂ ಮುಚ್ಚಿರಲಿಲ್ಲ

“ಮೇಷ್ಟ್ರೇ, ಇಂಗ್ಲಿಷಿನವನು ‘ಇಲ್ಲ’ ಎನ್ನುವುದನ್ನು ಮೊದಲೇ ಹೇಳಿಬಿಡುತ್ತಾನೆ. ಜರ್ಮನಿಯವನು ಅದನ್ನು ಮಾತಿನ ಬಾಲಕ್ಕೆ ಕಟ್ಟುತ್ತಾನೆ. ಇದೆಂಥ ಭಾಷೆ? ನನ್ನ ತಲೆಯೆಲ್ಲ ಮೊಸರು ಗಡಿಗೆಯಾಗಿದೆ” ಎಂದಳು ಫ್ಲಾವಿಯಾ. ಅವಳು ನರ್ಸು. ಜರ್ಮನಿಯ ಆಸ್ಪತ್ರೆ ಸೇರಲು ಆ ಭಾಷೆಯ ಪರೀಕ್ಷೆಗೆ ಓದುತ್ತಿದ್ದಳು.

ಅವಳಿಗೆ ಜರ್ಮನ್ ಕಲಿಸುತ್ತಿದ್ದ ಸಿಲ್ವೆಸ್ಟರ್ ಮೇಷ್ಟ್ರು ನಶ್ಯದ ಡಬ್ಬಿ ಮುಚ್ಚಿದರು. “ಕೂತುಕೋ ಮಾರಾಯ್ತಿ, ಒಂದು ಕತೆ ಕೇಳು.

ಕಡಲತೀರದ ಒಂದೂರಲ್ಲಿ ಜರ್ಮನಿಯ ದೊರೆಯೊಬ್ಬ ಹೆಂಚಿನ ಕಾರ್ಖಾನೆ ಇಟ್ಟಿದ್ದ. ಅಲ್ಲಿ ಒಬ್ಬ ಕುಂಬಾರ, ಒಬ್ಬ ದುಭಾಷಿ. ದುಭಾಷಿ ಮೊದಲು ಇಂಗ್ಲಿಷ್ ಕಲಿತು ಆಮೇಲೆ ಜರ್ಮನ್ ಕಲಿತವನು. ದೊರೆ ಅರ್ಧ ಆಡುವಷ್ಟರಲ್ಲಿ ಈ ಮಹಾಶಯ ಪೂರ್ತಿ ಹೇಳಿ ಮುಗಿಸುತ್ತಿದ್ದ. ಅದೇ ಅವನ ಜಂಬ.

ಒಂದು ದಿನ ಸುಡುವ ಗೂಡಿನಲ್ಲಿದ್ದ ಹೆಂಚೆಲ್ಲ ಬಿರುಕುಬಿಟ್ಟವು. ಕುಂಬಾರ ಹೆದರಿ ಕೈಕಟ್ಟಿ ನಿಂತ. ದೊರೆ ತನ್ನ ಭಾಷೆಯಲ್ಲಿ ಶುರುಮಾಡಿದ: ‘ತೆಗೆದುಹಾಕುತ್ತೇನೆ ನಿನ್ನನ್ನು, ಈ ಒಡೆದ ಹೆಂಚುಗಳ ಸಲುವಾಗಿ...’ ಅಷ್ಟರಲ್ಲಿ ಹೊಗೆ ಕುಡಿದು ಅವನಿಗೆ ಕೆಮ್ಮು ಬಂತು. ಇಂಗ್ಲಿಷಾಗಿದ್ದರೆ ‘ಇಲ್ಲ’ ಎನ್ನುವ ಮಾತು ಇಷ್ಟು ಹೊತ್ತಿಗೆ ಬಂದಿರಬೇಕು ಎಂದು ದುಭಾಷಿಯ ಲೆಕ್ಕ. ಬಂದಿರಲಿಲ್ಲ. ‘ನಿನ್ನ ಕೆಲಸ ಹೋಯಿತಯ್ಯಾ’ ಎಂದ ದುಭಾಷಿ.

ಅಲ್ಲಿ ಕೆಲಸ ಹೋದವನು ಹೆಂಚು ಒತ್ತುವ ತನ್ನ ಮರದ ಅಚ್ಚನ್ನು ಅಲ್ಲೇ ಸೀಳಿ ಹೋಗುವುದು ರೂಢಿ. ಬೇರೆಯವರ ಕೈಗೆ ಅದು ಹೋಗಬಾರದು. ಕುಂಬಾರನ ಅಚ್ಚು ಅವನ ಅಪ್ಪ ಹಲಸಿನ ಮರದಲ್ಲಿ ಕೆತ್ತಿದ್ದು. ಅಳುತ್ತಲೇ ಕೊಡಲಿ ಎತ್ತಿ ಸೀಳಿದ.

ದೊರೆಯ ಕೆಮ್ಮು ನಿಂತಿತು. ‘ಇಲ್ಲ’ ಎಂದು ಮಾತು ಮುಗಿಸಿದ. ತೆಗೆದುಹಾಕುವುದಿಲ್ಲ ಎನ್ನುವುದೇ ಅವನ ಮಾತಾಗಿತ್ತು.

ಮೂವರೂ ಕಕ್ಕಾಬಿಕ್ಕಿ. ಇವನು ಅಚ್ಚು ಸೀಳಿದ್ದೇಕೆ ಎಂದು ದೊರೆಗೆ ತಿಳಿಯದು. ಕೆಲಸ ಉಂಟೋ ಹೋಯಿತೋ ಎಂದು ಕುಂಬಾರನಿಗೆ ತಿಳಿಯದು. ‘ಸ್ವಾಮೀ, ದೊರೆಯ ಬಾಯಿ ಇನ್ನೂ ಮುಚ್ಚಿರಲಿಲ್ಲವಲ್ಲ!’ ಎಂದು ದುಭಾಷಿಯನ್ನು ಕೇಳಿದ. ಕೊನೆಗೆ ಕುಂಬಾರನ ಕೆಲಸವೇನೋ ಉಳಿಯಿತು. ಅಪ್ಪನ ಅಚ್ಚು ಹೋದದ್ದು ಹೋಯಿತು.”

ಫ್ಲಾವಿಯಾಳಿಗೆ ಸಂಕಟವಾಯಿತು. “ಅಯ್ಯೋ ಪಾಪ! ಆದರೂ ಮೇಷ್ಟ್ರೇ, ಇನ್ನೊಬ್ಬರ ಮಾತಿನ ಕೊನೆಯವರೆಗೆ ಹಾಗೆ ಕಾಯುವುದು ನನ್ನಿಂದ ಆಗುವುದೇ ಇಲ್ಲ.”

“ನಿನ್ನ ಮಾತಿನ ಬಾಲದಲ್ಲಿದ್ದ ಆ ‘ಇಲ್ಲ’ ಬರುವ ತನಕ ನಾನು ಕಾದೆನಲ್ಲ, ಮಗಳೇ?” ಎಂದರು ಮೇಷ್ಟ್ರು.