ಜೇನುಬಂಡೆಯ ಹಗ್ಗ

ಒಂದು ಬೆಟ್ಟ. ಅಲ್ಲಿ ಜೇನು ಕೊಯ್ಯುವ ಕಾಡಿನ ಜನ. ಹಿಂದೆ ಆ ಸೀಮೆಯ ರಾಜ ಕಲ್ಲು ನೆಟ್ಟು ಅವರಿಗೆ ಮಾತು ಕೊಟ್ಟಿದ್ದ. ವರ್ಷ ವರ್ಷ ಅರಮನೆಗೆ ಜೇನು ಕೊಡಿ. ಬೆಟ್ಟ ನಿಮ್ಮದು. ಬೆಟ್ಟದ ನ್ಯಾಯವೂ ನಿಮ್ಮದು.

ಬಂಡೆಯಿಂದ ಜೇನಿಗೆ ಇಳಿಯುವವನ ಹಗ್ಗವನ್ನು ಅಲ್ಲಿ ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವಳು ಗಂಡನಿಲ್ಲದೆ ಒಂಟಿಯಾಗಲಿ ಅಂತ ಯಾರೂ ಕೈ ಬಿಡುವುದಿಲ್ಲ. ಒಂಟಿತನ ಸಣ್ಣದಲ್ಲ. ಆ ಜನಕ್ಕೆ ಅದು ಗೊತ್ತಿತ್ತು.

ಒಂದು ಸಲ ಜಡೆಯ ಎಂಬವನು ಇಳಿದ. ಹಗ್ಗ ಹಿಡಿದವನು ಭಾಮೈದ ಕ್ಯಾತ. ಕ್ಯಾತ ಹೆಂಡ ಕುಡಿದು ಬಂದಿದ್ದ. ಕೈ ಸಡಿಲಾಯಿತು. ಜಡೆಯ ಬಿದ್ದ. ಕಾಲು ಮುರಿಯಿತು.

ಸುದ್ದಿ ಕೇಳಿ ಅರಮನೆಯ ಅಮಲ್ದಾರ ಕ್ಯಾತನಿಗೆ ಬೇಡಿ ತಂದ. "ಇವನನ್ನು ಪಟ್ಟಣದ ಸೆರೆಮನೆಗೆ ಹಾಕುತ್ತೇನೆ" ಅಂದ.

ಊರ ಯಜಮಾನ ಕೈಮುಗಿದ. "ಬುದ್ಧೀ, ಬೆಟ್ಟದ ನ್ಯಾಯ ಬೆಟ್ಟಕ್ಕೆ ಅಂತ ಮಾತಾಗಿದೆ."

"ಆ ಮಾತು ಕೊಟ್ಟ ರಾಜ ಸತ್ತು ಎಷ್ಟು ಕಾಲವಾಯಿತು!"

"ಜೇನು ಕೊಡುತ್ತೇವೆ ಅಂದ ನಮ್ಮ ತಾತನೂ ಸತ್ತ. ಜೇನು ನಿಂತಿದೆಯಾ ಬುದ್ಧೀ?"

ಅಮಲ್ದಾರ ಬೇಡಿ ಕೆಳಗಿಟ್ಟ. "ಸರಿ, ನಿಮ್ಮ ನ್ಯಾಯ ನೋಡೋಣ" ಅಂತ ಕೂತ.

ಜನವೆಲ್ಲ ಸೇರಿತು. ಯಜಮಾನ ಮೊದಲು ಕೇಳಿದ್ದು ಜಡೆಯನ ಹೆಂಡತಿ ಬೊಮ್ಮಿಯನ್ನು. ಅವಳು ಕ್ಯಾತನ ಅಕ್ಕ.

"ಏನಾಗಬೇಕು ಹೇಳವ್ವ."

"ಇವನನ್ನು ಕಟ್ಟಿ ಹಾಕಿದರೆ ನನ್ನ ಗಂಡನ ಕಾಲು ಕೂಡುತ್ತಾ? ಮಕ್ಕಳ ಹೊಟ್ಟೆಗೆ ಯಾರು ತರುತ್ತಾರೆ? ಈ ಕುಡುಕ ಮೂದೇವಿಯೇ ಇಳಿಯಲಿ."

ಎಲ್ಲರೂ ಒಪ್ಪಿದರು. ಭಾವನ ಕಾಲು ಕೂಡುವ ತನಕ ಕ್ಯಾತ ಇಳಿಯಬೇಕು. ಜೇನು ಅಕ್ಕನ ಮನೆಗೆ. ಹೆಂಡ ಮುಟ್ಟಬಾರದು.

ಹಗ್ಗ ಹಿಡಿಯುವವರು ಯಾರು? ಕ್ಯಾತನಿಗೆ ಮದುವೆಯಾಗಿರಲಿಲ್ಲ. ಭಾಮೈದ ಎಲ್ಲಿಂದ ಬರಬೇಕು?

"ನಾನು ಹಿಡಿಯುತ್ತೇನೆ" ಅಂದ ಜಡೆಯ.

ಕ್ಯಾತನ ಮುಖ ಬಿಳಿಚಿತು. ಜಡೆಯನನ್ನು ಹೊತ್ತು ತಂದು ಬಂಡೆಯ ಮೇಲೆ ಕೂರಿಸಿದರು. ಮರಕ್ಕೆ ಸುತ್ತು ಹಾಕಿದ ಹಗ್ಗದ ತುದಿ ಅವನ ಕೈಗೆ ಕೊಟ್ಟರು. ಕ್ಯಾತ ಅಂಚಿನಲ್ಲಿ ನಿಂತೇ ಇದ್ದ.

"ಇಳಿಯೋ" ಅಂದ ಜಡೆಯ. "ನಾನೇನು ಕುಡಿದಿಲ್ಲ."

ಜನ ನಕ್ಕರು. ಕ್ಯಾತ ಅತ್ತುಬಿಟ್ಟ. "ತಪ್ಪಾಯ್ತು ಭಾವ" ಅಂದ. ಇಳಿದ. ಹಗ್ಗ ಜಾರಲಿಲ್ಲ. ಜೇನು ಮೇಲೆ ಬಂತು. ಕ್ಯಾತನೂ ಬಂದ.

ಅಮಲ್ದಾರ ಎದ್ದು ನಿಂತ. "ನಮ್ಮ ಸೆರೆಮನೆ ಎಷ್ಟೋ ಜನರನ್ನು ಹಿಡಿದಿಟ್ಟಿದೆ. ಹೀಗೆ ಒಬ್ಬನನ್ನೂ ಮೇಲೆತ್ತಿಲ್ಲ" ಅಂದ. ಬೇಡಿ ತಾನೇ ಹೊತ್ತುಕೊಂಡು ಬೆಟ್ಟ ಇಳಿದ.

ನೀತಿ: ತಪ್ಪು ಮಾಡಿದವನ ಕೈಯಲ್ಲೇ ತಪ್ಪನ್ನು ಸರಿಮಾಡಿಸುವುದು ದೊಡ್ಡ ನ್ಯಾಯ. ಕೊಟ್ಟ ಮಾತನ್ನು ಎರಡು ಕಡೆಯವರೂ ಉಳಿಸಿಕೊಂಡ ಕಡೆ ಮಾತ್ರ ಅಂಥ ನ್ಯಾಯ ಬದುಕುತ್ತದೆ.